ಹಿರಿಯ ಮಗುವಿಗೆ ಎಪ್ಪತ್ತೊಂದು ವರ್ಷ

ಮುಖ್ಯಾಧಿಕಾರಿಗಳಿಗೆ,
ಮಕ್ಕಳ ಜೀವನಾಂಶ ಇತ್ಯರ್ಥ ಕಚೇರಿ

ಮಾನ್ಯರೇ,

ನಾನು ಮಗುವಲ್ಲ. ಇಷ್ಟು ವಯಸ್ಸಾದ ಮೇಲೆ ಈ ಮಾತನ್ನು ಬರವಣಿಗೆಯಲ್ಲಿ, ಅದೂ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಹೇಳಿಕೊಳ್ಳಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯಿದೆ. ತಮಗೂ ಒಂದಿಷ್ಟು ಇದ್ದರೆ ಸಂತೋಷ. ನನಗೆ ಎಪ್ಪತ್ತೊಂದು ವರ್ಷ. ತಲೆಯಲ್ಲಿ ಕೂದಲಿಲ್ಲ, ಬಾಯಲ್ಲಿ ಸ್ವಂತದ ಹಲ್ಲಿಲ್ಲ, ಎರಡು ಮಹಡಿ ಹತ್ತಿದರೆ ಉಸಿರಿಲ್ಲ. ಆದರೂ ತಮ್ಮ ಕಚೇರಿ ಹೊರಡಿಸಿರುವ ಆದೇಶದ ಪ್ರಕಾರ ನಾನು ನನ್ನ ಮಗಳಿಗೂ ಅವಳಿಂದ ವಿಚ್ಛೇದನ ಪಡೆದ ನನ್ನ ಅಳಿಯನಿಗೂ ಹುಟ್ಟಿದ ಹಿರಿಯ ಮಗು. ನನ್ನ ಪಾಲನೆ ಮಗಳದು. ನನ್ನ ಜೀವನಾಂಶ ಅಳಿಯನದು. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಅವನು ನನ್ನನ್ನು ಭೇಟಿಯಾಗಿ ತಂದೆಯ ಪ್ರೀತಿ ತೋರಿಸತಕ್ಕದ್ದು. ಅವರಿಬ್ಬರ ನಿಜವಾದ ಮಗು, ಹತ್ತು ವರ್ಷದ ನನ್ನ ಮೊಮ್ಮಗಳು, ತಮ್ಮ ಆದೇಶದಲ್ಲಿ 'ಕಿರಿಯ ಮಗು'. ಅವಳ ವಿಷಯವನ್ನು ಹಿರಿಯ ಮಗುವಿನ ಪ್ರಕರಣ ಮುಗಿದ ಮೇಲೆ ಪರಿಶೀಲಿಸುತ್ತೀರಂತೆ. ಅಲ್ಲಿಯವರೆಗೆ ಅಪ್ಪ ಅವಳನ್ನು ನೋಡುವಂತಿಲ್ಲ, ಅವಳಿಗಾಗಿ ಏನನ್ನೂ ಕೊಡುವಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಬರೆಯಾಗಿದ್ದರೂ ಸಹಿಸಬಹುದಿತ್ತು, ಔಷಧಿಯನ್ನೇ ಎಮ್ಮೆಗೆ ಕುಡಿಸುತ್ತಿದ್ದೀರಿ. ಜ್ವರ ಬಂದದ್ದು ಮೂಲೆಯಲ್ಲಿ ಹಾಗೇ ಮಲಗಿದೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವನು. ಕೆಲಸದಿಂದ ಬಿಡುಗಡೆಯಾಗುವ ತನಕ ಬೇರೆಯವರ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆದೆ. ಈಗ ನಾನೇ ಒಂದು ತಪ್ಪಾಗಿ ತಮ್ಮ ಕಡತದಲ್ಲಿ ಕುಳಿತಿದ್ದೇನೆ, ಗೆರೆ ಎಳೆಯುವವರು ಯಾರೂ ಇಲ್ಲ.

ತಪ್ಪು ಹುಟ್ಟಿದ್ದು ತಮ್ಮ ಕಚೇರಿಯ ನೆಲಮಹಡಿಯ ಕಿಟಕಿಯ ಮುಂದೆ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವೆಲ್ಲ ಬಂದವರನ್ನು ಕೂರಿಸಿಕೊಂಡು 'ಈಗ ಕಾಣಿಸ್ತಾ? ಈಗ?' ಎಂದು ಕೇಳುವ ಕೆಲಸ. ಅವತ್ತು ರಜೆ ಹಾಕಿ ಬಂದಿದ್ದಳು. ನಾನು ಜೊತೆಗಿದ್ದೆ. ಸಾಲು ಉದ್ದವಿತ್ತು, ಕೂರಲು ಜಾಗವಿರಲಿಲ್ಲ, ನಾನು ಕಾಲು ನೋವು ಎಂದೆ, ಬಾಯಾರಿಕೆ ಎಂದೆ, ಶೌಚಾಲಯ ಎಲ್ಲಿದೆ ಕೇಳು ಎಂದೆ, ಇನ್ನೂ ಎಷ್ಟು ಹೊತ್ತು ಎಂದು ಹತ್ತು ಸಲ ಗೊಣಗಿದೆ. ಕೊನೆಗೆ ನಮ್ಮ ಸರದಿ ಬಂದಾಗ ಗುಮಾಸ್ತರು ತಲೆ ಎತ್ತದೆ ಕೇಳಿದರು:

"ಮಕ್ಕಳೆಷ್ಟು?"

"ಎರಡು ಸಾರ್," ಎಂದಳು ನನ್ನ ಮಗಳು, ನನ್ನ ಕಡೆ ಕಣ್ಣು ಬಿಟ್ಟು. "ಒಂದು ಸ್ಕೂಲಿಗೆ ಹೋಗಿದೆ. ಇನ್ನೊಂದು ಇಗೋ, ಇಲ್ಲೇ ನಿಂತು ನನ್ನ ಪ್ರಾಣ ತಿಂತಾ ಇದೆ. ಇದೇ ಹಿರೀದು. ಹಠ ಜಾಸ್ತಿ."

"ಹಿರೀದು ಗಂಡೋ ಹೆಣ್ಣೋ?"

ಆ ಸಾಲಿನಲ್ಲಿ ಬೆಳಗಿನಿಂದ ಯಾರೂ ನಕ್ಕಿರಲಿಲ್ಲ. ನಾನೇ ನಕ್ಕು, "ಗಂಡು," ಎಂದೆ.

ಗುಮಾಸ್ತರು ನಗಲಿಲ್ಲ, ಬರೆದುಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಗಾದೆಯಲ್ಲಿ ಮಾತ್ರ ಕಂಡಿದ್ದೆ. ತಮ್ಮಲ್ಲಿ ಅವರಿಗೆ ಸಂಬಳ, ಕುರ್ಚಿ, ಕುರ್ಚಿಯ ಬೆನ್ನಿಗೊಂದು ಟವೆಲು ಎಲ್ಲವೂ ಇದೆ.

ಆದೇಶ ಕೈಗೆ ಬಂದ ದಿನವೇ ನಾನು ಓಡಿ ಬಂದೆ. ಅದೇ ಕಿಟಕಿ, ಅದೇ ಗುಮಾಸ್ತರು. ಅವರು ಬಹಳ ಸಮಾಧಾನದ ಮನುಷ್ಯ, ಆ ಮಟ್ಟಿಗೆ ದೂರಿಲ್ಲ.

"ಹಿರಿಯ ಅಂತ ಬರೆದಿದೆ. ನೀವು ಹಿರಿಯರಲ್ವಾ ಯಜಮಾನ್ರೇ?"

"ಹೌದು."

"ನಿಮ್ಮನ್ನ ಯಾರು ನೋಡ್ಕೊಳ್ತಾರೆ?"

"ಮಗಳು."

"ಅಂದ್ಮೇಲೆ ನೀವು ಅವರ ಆಶ್ರಯದಲ್ಲಿದೀರಿ. ಹಿರಿಯರು, ಆಶ್ರಯದಲ್ಲಿರೋರು, ಗಂಡು. ಎಲ್ಲಾ ಸರಿಯಾಗೇ ಇದೆಯಲ್ಲ, ತಕರಾರು ಏನು?"

"ನನಗೆ ಎಪ್ಪತ್ತೊಂದು ಸ್ವಾಮಿ! ಹದಿನೆಂಟರ ಒಳಗಿನವರಿಗಲ್ಲವೇ ಇದು?"

"ಎಪ್ಪತ್ತೊಂದು ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲಿಲ್ಲ," ಎಂದರು ಅವರು, ಗುಟ್ಟು ಹೇಳುವವರಂತೆ ಮುಂದಕ್ಕೆ ಬಾಗಿ. "ಅಂಕಿ ಹಿಂದು ಮುಂದು ಆಗಿರಬೇಕು ಅಂತ ನಾವೇ ಸರಿಮಾಡಿ ಹದಿನೇಳು ಹಾಕಿದ್ವಿ. ತಗೊಳ್ತು."

ಸರಿ, ಹದಿನೇಳಾದರೆ ಮುಂದಿನ ವರ್ಷ ಹದಿನೆಂಟು ತುಂಬಿ ಈ ಪೀಡೆ ತೊಲಗುತ್ತದಲ್ಲ ಎಂದು ನಾನು ಆಸೆಯಿಂದ ಕೇಳಿದೆ. ಅವರು ಕರುಣೆಯಿಂದ ನಕ್ಕರು. ಮುಂದಿನ ವರ್ಷ ನನಗೆ ಎಪ್ಪತ್ತೆರಡು. ಅದನ್ನು ತಿರುಗಿಸಿದರೆ ಇಪ್ಪತ್ತೇಳು. ಒಂದೇ ವರ್ಷದಲ್ಲಿ ಹತ್ತು ವರ್ಷ ಬೆಳೆಯುವ ಮಗುವನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಆದ್ದರಿಂದ ನನ್ನನ್ನು ಹದಿನೇಳರಲ್ಲೇ ನಿಲ್ಲಿಸಲಾಗಿದೆ. ಜನ ಮುಖಕ್ಕೆ ಏನೇನೋ ಬಳಿದುಕೊಂಡರೂ ಸಿಗದ ಭಾಗ್ಯ ನನಗೆ ಕಿಟಕಿಯಲ್ಲಿ ಪುಕ್ಕಟೆ ಸಿಕ್ಕಿತು. ಅದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ಇನ್ನು ತಮ್ಮ ಕಚೇರಿಯಿಂದ ಮನೆಗೆ ಬಂದ ಪರಿವೀಕ್ಷಕಿಯ ವಿಷಯ. ಮಗುವಿನ ಬೆಳವಣಿಗೆ ಪರೀಕ್ಷಿಸಲು ಬಂದಿದ್ದರು. ಪಾಪ, ಒಳ್ಳೆಯ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ಹಾಲುಹಲ್ಲು ಬಿದ್ದಿವೆಯೇ ಎಂದು ಕೇಳಿದಳು. ಎಲ್ಲವೂ ಬಿದ್ದಿವೆ, ಆಮೇಲಿನವೂ ಬಿದ್ದಿವೆ, ಈಗಿನವು ಲೋಟದಲ್ಲಿವೆ ಎಂದೆ. ಮಗು ತಾನಾಗಿ ಊಟ ಮಾಡುತ್ತದೆಯೇ ಎಂದಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಮಾಡುತ್ತದೆ ಎಂದೆ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು. ನನ್ನ ಹಳೆಯ ಗುರುತಿನ ಚೀಟಿಯಲ್ಲಿದ್ದ ಎತ್ತರಕ್ಕಿಂತ ಈಗಿನದು ಒಂದು ಅಂಗುಲ ಕಡಿಮೆ ಬಂತು. ಈ ವಯಸ್ಸಿನಲ್ಲಿ ಬೆನ್ನು ಬಾಗುತ್ತದೆ, ಮನುಷ್ಯ ಕುಗ್ಗುತ್ತಾನೆ, ಇದರಲ್ಲಿ ವಿಶೇಷವೇನು? ಆದರೆ ಮುಂದಿನ ವಾರ ನನ್ನ ಮಗಳಿಗೆ ನೋಟಿಸ್ ಬಂತು: ತಮ್ಮ ಸುಪರ್ದಿಯಲ್ಲಿರುವ ಹಿರಿಯ ಮಗುವಿನ ಬೆಳವಣಿಗೆ ಕುಂಠಿತವಾಗಿದ್ದು, ಪೌಷ್ಟಿಕ ಆಹಾರ ನೀಡದಿದ್ದಲ್ಲಿ ಎರಡೂ ಮಕ್ಕಳ ಪಾಲನೆಯ ಹಕ್ಕನ್ನು ಮರುಪರಿಶೀಲಿಸಲಾಗುವುದು.

ಮಗಳು ಆ ನೋಟಿಸ್ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನಾನು ನಗಿಸಲು ನೋಡಿದೆ. "ನಗಬೇಡಪ್ಪ," ಎಂದಳು. "ಎರಡೂ ಮಕ್ಕಳು ಅಂತ ಬರೆದಿದಾರೆ. ನಿನ್ನ ಹೆಸರಲ್ಲಿ ಅವಳನ್ನ ಕಿತ್ಕೊಂಡು ಹೋದ್ರೆ?" ಅಂದಿನಿಂದ ಅವಳು ದಿನಕ್ಕೆರಡು ಸಲ ನನಗೆ ಮೊಟ್ಟೆ ಬೇಯಿಸಿ ಕೊಡುತ್ತಾಳೆ. ನಾನು ಮರುಮಾತಾಡದೆ ತಿನ್ನುತ್ತೇನೆ.

ಮಾನ್ಯರೇ, ತಮ್ಮ ಕಚೇರಿಗೆ ತನ್ನ ಕೆಲಸವೇನೆಂದು ಮರೆತಿರಬಹುದು ಎಂಬ ಗುಮಾನಿಯಿಂದ ಒಂದೆರಡು ಮಾತು ಬಿಡಿಸಿ ಹೇಳುತ್ತೇನೆ. ಮೊದಮೊದಲು ನಮಗೂ ಇದು ತಿಳಿದಿರಲಿಲ್ಲ. ಬೇರೆಯಾದ ಹೊಸದರಲ್ಲಿ ನನ್ನ ಮಗಳು, "ಅವನ ಒಂದು ಬಿಡಿಗಾಸೂ ನನಗೆ ಬೇಡ, ನಾನೇ ಸಾಕ್ತೀನಿ," ಎಂದು ಸೆಟೆದು ನಿಂತಿದ್ದಳು. ಸ್ವಾಭಿಮಾನ ಎಂದು ನಾನೂ ತಲೆದೂಗಿದ್ದೆ. ಆಗ ನಮ್ಮ ವಕೀಲೆಯಮ್ಮ ಗದರಿದರು: "ಬೇಡ ಅನ್ನೋಕೆ ಅದು ನಿಮ್ಮದಲ್ಲಮ್ಮ. ಮಗುವಿನದು. ಮಗುವಿನ ಪಾಲನ್ನ ನೀವು ಧಾರಾಳವಾಗಿ ದಾನ ಮಾಡೋ ಹಾಗಿಲ್ಲ." ಅತ್ತ ಅಳಿಯನ ಗೆಳೆಯರು ಅವನಿಗೆ, ಇದು ಹೆಂಡತಿಗೆ ಕಟ್ಟುವ ದಂಡ, ಕೊಟ್ಟು ಕೈತೊಳೆದುಕೋ ಎಂದು ತಲೆ ತುಂಬಿದ್ದರು. ಅದೂ ಅಲ್ಲ ಎಂದು ಅವನಿಗೆ ತಿಳಿಯಲು ಸಮಯ ಹಿಡಿಯಿತು. ದಂಡ ಕಟ್ಟಿದರೆ ಅಪರಾಧ ಮುಗಿಯುತ್ತದೆ, ಜೀವನಾಂಶ ಕಟ್ಟಿದರೆ ಅಪ್ಪನ ಕೆಲಸ ಮುಗಿಯುವುದಿಲ್ಲ. ಅದು ಮಗುವನ್ನು ನೋಡಲು ಕೊಡುವ ಟಿಕೆಟ್ಟಿನ ಹಣವೂ ಅಲ್ಲ. ಕೊಟ್ಟಿಲ್ಲವೆಂದು ತಾಯಿ ಬಾಗಿಲು ಹಾಕುವಂತಿಲ್ಲ, ಬಾಗಿಲು ತೆರೆಯಲಿಲ್ಲವೆಂದು ತಂದೆ ಕೊಡುವುದನ್ನು ನಿಲ್ಲಿಸುವಂತಿಲ್ಲ. ಗಂಡ ಹೆಂಡತಿಯ ನಂಟು ಬಿಡಿಸಲು ಕಾನೂನಿದೆ. ಅಪ್ಪ ಮಗಳ ನಂಟು ಬಿಡಿಸಲು ಯಾವ ಕಾನೂನೂ ಇಲ್ಲ. ಇಷ್ಟು ತಿಳಿಯುವಷ್ಟರಲ್ಲಿ ನಮ್ಮ ಎರಡು ಮನೆಗಳೂ ಹಣ್ಣುಗಾಯಿ ನೀರುಗಾಯಿ ಆಗಿದ್ದವು. ಆದರೂ ತಿಳಿಯಿತು, ಇಬ್ಬರೂ ಒಪ್ಪಿದರು, ಒಪ್ಪಿದ್ದನ್ನು ಬರೆಸಲು ಮಗಳು ತಮ್ಮ ಕಿಟಕಿಯ ಮುಂದೆ ಬಂದು ನಿಂತಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಹಳೆಯ ಮಾತು. ನಮ್ಮಲ್ಲಿ ಜಗಳ ಮುಗಿದಿತ್ತು. ಕೂಸು ಬಡವಾದದ್ದು ಶಾಂತಿ ಒಪ್ಪಂದದಲ್ಲಿ.

ಅಳಿಯ ಪ್ರತಿ ತಿಂಗಳೂ ಕಟ್ಟುತ್ತಾನೆ. ಅದು 'ಹಿರಿಯ ಮಗುವಿನ ಖಾತೆ'ಗೆ ಬೀಳುತ್ತದೆ. ಅದರಿಂದ ಕಿರಿಯ ಮಗುವಿಗೆ ಒಂದು ಪೆನ್ಸಿಲ್ ಕೊಂಡರೂ ದುರುಪಯೋಗ. ಖರ್ಚಿಗೆ ರಸೀತಿ ತೋರಿಸಬೇಕು, ಅದೂ ಮಗುವಿಗೆ ತಕ್ಕ ಖರ್ಚಾಗಿರಬೇಕು. ನನ್ನ ರಕ್ತದೊತ್ತಡದ ಮಾತ್ರೆಯ ರಸೀತಿಯನ್ನು 'ಹದಿನೇಳು ವಯಸ್ಸಿಗೆ ಅನಗತ್ಯ' ಎಂದು ತಿರಸ್ಕರಿಸಿದಿರಿ. ಶಾಲೆಯ ಚೀಲದ ರಸೀತಿಯನ್ನು ಒಪ್ಪಿದಿರಿ. ಆದ್ದರಿಂದ ಈಗ ನನ್ನ ಬಳಿ ನೀಲಿ ಬಣ್ಣದ ಹೊಸ ಚೀಲವಿದೆ. ಮಾತ್ರೆಗಳನ್ನು ಅದರಲ್ಲಿಟ್ಟುಕೊಂಡು ಓಡಾಡುತ್ತೇನೆ. ಮೊಮ್ಮಗಳು ಜಿಪ್ಪು ಕಿತ್ತ ಹಳೆಯ ಚೀಲಕ್ಕೆ ಪಿನ್ನು ಚುಚ್ಚಿಕೊಂಡು ಶಾಲೆಗೆ ಹೋಗುತ್ತಾಳೆ. ಅವಳ ಮುಂದೆ ಆ ನೀಲಿ ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ನನಗೆ ಸಾಯುವಷ್ಟು ಸಂಕಟವಾಗುತ್ತದೆ.

ಭಾನುವಾರಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಪೂರ್ತಿಯಾಗದು. ನನ್ನ ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಆರು ಜನರಿಗಿಂತ ಹೆಚ್ಚು ಹತ್ತಬಾರದು ಎಂದು ಬರೆದಿದ್ದರೆ ಏಳನೆಯವನು ಸ್ವಂತ ಅಣ್ಣನಾದರೂ ಇಳಿಸುವ ಜಾತಿ. ಅವನ ವಕೀಲರು, ಆದೇಶದಲ್ಲಿ ಹೇಗಿದೆಯೋ ಹಾಗೇ ನಡೆದುಕೊಳ್ಳಿ, ಒಂದು ಭೇಟಿ ತಪ್ಪಿದರೂ ಮಗಳನ್ನು ನೋಡುವ ಹಕ್ಕು ಮುಂದೆಂದೂ ಸಿಗದು ಎಂದು ಹೆದರಿಸಿದ್ದಾರೆ. ಆದ್ದರಿಂದ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಮ್ಮ ಕಚೇರಿಯ ಮಕ್ಕಳ ಭೇಟಿ ಕೊಠಡಿಗೆ ಬರುತ್ತಾನೆ. ನಾನೂ ಹೋಗುತ್ತೇನೆ. ಗೋಡೆಯ ಮೇಲೆ ಆನೆ, ಜಿರಾಫೆಯ ಚಿತ್ರಗಳು. ಮೊಣಕಾಲೆತ್ತರದ ಪ್ಲಾಸ್ಟಿಕ್ ಕುರ್ಚಿಗಳು. ಕೂತರೆ ಏಳಲು ಅಳಿಯನೇ ಕೈ ಕೊಡಬೇಕು. ಅವನು ಕೈ ಕೊಟ್ಟಾಗ ಮೇಲ್ವಿಚಾರಕಿ 'ದೈಹಿಕ ಸಾಮೀಪ್ಯ: ಉತ್ತಮ' ಎಂದು ಬರೆದುಕೊಳ್ಳುತ್ತಾರೆ.

"ಮಗುವಿನ ಜೊತೆ ಆಟ ಆಡಿ," ಎಂದರು ಅವರು ಮೊದಲ ಸಲ. ಇಬ್ಬರೂ ಹಾವು ಏಣಿ ಆಡಿದೆವು. ಅಳಿಯ ಬೇಕೆಂದೇ ಸೋಲುತ್ತಿದ್ದ. ದಾಳ ಉರುಳಿಸುತ್ತ, ತುಟಿ ಅಲ್ಲಾಡಿಸದೆ ಕೇಳಿದ:

"ಹೇಗಿದಾಳೆ ಮಾವ?"

"ಚೆನ್ನಾಗಿದಾಳಪ್ಪ."

"ಎಷ್ಟು ಉದ್ದ ಆಗಿದಾಳೆ?"

"ಇಲ್ಲದ ಮಗುವಿನ ವಿಷಯ ಮಾತಾಡೋ ಹಾಗಿಲ್ಲ," ಎಂದರು ಮೇಲ್ವಿಚಾರಕಿ. "ಇರೋ ಮಗುವಿಗೆ ಬೇಜಾರಾಗುತ್ತೆ."

ಇರೋ ಮಗುವಿಗೆ ಬೇಜಾರಾಯಿತು ಮಾನ್ಯರೇ, ತುಂಬ. ಆದರೆ ಕೈ ಎತ್ತಬಾರದು ಎಂದು ನಿಯಮವಿರಲಿಲ್ಲ. ನಾನು ಅವನ ಕೈ ಹಿಡಿದು ಎದ್ದು ನಿಂತು, ಮೈ ಮುರಿಯುವವನಂತೆ ಅಂಗೈಯನ್ನು ನನ್ನ ಅಂಗಿಯ ಮೂರನೆಯ ಗುಂಡಿಯ ಹತ್ತಿರ ತಂದು ನಿಲ್ಲಿಸಿದೆ. ಅವನು ಆ ಅಂಗೈಯ ಕೆಳಗಿನ ಖಾಲಿ ಜಾಗವನ್ನೇ ನೋಡಿದ. ಆಮೇಲೆ ದಾಳ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಲಿಫ್ಟಿನ ಕೆಳಗಿನ ಕತ್ತಲ ಹಳ್ಳದಲ್ಲಿ ಒಂಟಿಯಾಗಿ ಕೆಲಸ ಮಾಡುವ ಗಟ್ಟಿ ಆಳು ಅವನು. ನನ್ನ ಮಗಳನ್ನು ಅವನು ಸುಖವಾಗಿಡಲಿಲ್ಲ; ಆ ಸಿಟ್ಟು ನನಗೆ ಇನ್ನೂ ಇದೆ, ಇರುತ್ತದೆ. ಆದರೆ ಅವನು ಕೆಟ್ಟ ಅಪ್ಪನೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಮೊಮ್ಮಗಳಿಗೆ ಈಗ ಶಾಲೆಯಲ್ಲಿ ಭಿನ್ನರಾಶಿ ನಡೆಯುತ್ತಿದೆ. ಮೊನ್ನೆ ಪಾಠ ಓದುತ್ತಿದ್ದವಳು ತಟ್ಟನೆ ಕೇಳಿದಳು: "ತಾತ, ಗೆರೆಯ ಕೆಳಗಿರೋದು ಛೇದ, ಮೇಲಿರೋದು ಅಂಶ, ಅಲ್ವಾ?"

"ಹೌದು ಮರಿ."

"ವಿಚ್ಛೇದನದಲ್ಲಿ ಛೇದ ಇದೆ. ಜೀವನಾಂಶದಲ್ಲಿ ಅಂಶ ಇದೆ. ಹಾಗಾದ್ರೆ ಅಪ್ಪ ಅಮ್ಮಂದೂ ಭಿನ್ನರಾಶಿ ಲೆಕ್ಕಾನಾ?"

ಇಡೀ ಜೀವನ ಪದಗಳ ಜೊತೆ ಕಳೆದ ನನಗೆ ಇದು ಹೊಳೆದಿರಲಿಲ್ಲ. ಇರಬಹುದು ಎಂದೆ.

"ಮೇಲಿನದು ಸೊನ್ನೆ ಆದ್ರೆ ಇಡೀ ಲೆಕ್ಕನೇ ಸೊನ್ನೆ ಅಂತ ಮಿಸ್ ಹೇಳಿದ್ರು," ಎಂದಳು. "ನನ್ನ ಅಂಶ ಎಷ್ಟು ತಾತ?"

ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತೇನೆ. ಉತ್ತರ ತಮಗೆ ಬರುವುದೇ? ಎಷ್ಟು ಗುಮಾಸ್ತರು, ಎಷ್ಟು ಮೇಲ್ವಿಚಾರಕರು, ಎಷ್ಟು ಮುದ್ರೆಗಳಿವೆ ತಮ್ಮ ಬಳಿ. ಒಟ್ಟಾಗಿ ಕೂತು ಈ ನಾಲ್ಕನೆಯ ತರಗತಿಯ ಲೆಕ್ಕ ಬಿಡಿಸಿಕೊಡಿ.

ಈ ಪ್ರಶ್ನೆ ಹೊತ್ತುಕೊಂಡೇ ನಾನು ಕಳೆದ ವಾರ ತಮ್ಮ ಉಪಾಧಿಕಾರಿಗಳನ್ನು ಕಂಡೆ. ತಾವು ಸಭೆಯಲ್ಲಿದ್ದಿರಂತೆ. ನಾನು ಬಂದಾಗೆಲ್ಲ ತಾವು ಸಭೆಯಲ್ಲೇ ಇರುತ್ತೀರಿ. ಸಭೆಯಿಂದ ಎದ್ದ ಮೇಲಾದರೂ ಇದನ್ನು ಓದುವಿರಂತೆ. ಉಪಾಧಿಕಾರಿಗಳು ಕಡತ ತಿರುವಿಹಾಕಿ ನಿಜವಾದ ಅನುಕಂಪದಿಂದಲೇ ಮಾತಾಡಿದರು. ಆದೇಶ ತಿದ್ದಬೇಕಾದರೆ ತಪ್ಪು ನಡೆದಿದೆ ಎಂದು ಕಚೇರಿ ಒಪ್ಪಬೇಕು. ಕಚೇರಿ ತಪ್ಪು ಒಪ್ಪಿಕೊಳ್ಳಲು ನಿಯಮವಿಲ್ಲ. ಬೇರೆ ದಾರಿ ಇಲ್ಲವೇ ಎಂದೆ. ಅವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು.

"ಹಿರಿಯ ಮಗು ತೀರಿಕೊಂಡ್ರೆ ಕಿರಿಯದು ತಾನಾಗೇ ಮೇಲೆ ಬರುತ್ತೆ. ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ. ತಪ್ಪು ತಿಳ್ಕೋಬೇಡಿ, ಇರೋ ನಿಯಮ ಹೇಳ್ದೆ."

ನಾನು ತಪ್ಪು ತಿಳಿಯಲಿಲ್ಲ. ಅಷ್ಟು ದಿನಗಳಲ್ಲಿ ತಮ್ಮ ಕಚೇರಿಯಿಂದ ಬಂದ ಮೊದಲ ಸ್ಪಷ್ಟ ಉತ್ತರ ಅದು. ಮನೆಗೆ ಬಂದು ಊಟದ ಮೇಜಿನಲ್ಲಿ ಇದನ್ನು ತಮಾಷೆ ಮಾಡಿ ಮಗಳಿಗೆ ಹೇಳಿದೆ. "ಏನು ಮಹಾ, ಇವತ್ತಲ್ಲ ನಾಳೆ ಹೋಗೋದೇ. ಸ್ವಲ್ಪ ಬೇಗ ಹೊರಟ್ರೆ ಮಗುಗೆ ಅವರಪ್ಪ ಸಿಗ್ತಾನೆ," ಎಂದೆ. ಮಗಳು ಕೈಯಲ್ಲಿದ್ದ ಸೌಟು ಕುಕ್ಕಿ ಬೈದಳು. ನಾನು ನಕ್ಕೆ. ಮೊಮ್ಮಗಳು ಬಾಗಿಲಲ್ಲಿ ನಿಂತದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಅವಳು ಅಳಲಿಲ್ಲ. ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನನ್ನ ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನು ನನ್ನ ಕಡೆ ತಳ್ಳಿ ಹೇಳಿದಳು:

"ನೀನು ಸಾಯ್ಬೇಡ ತಾತ. ನಾನು ಕಾಯ್ತೀನಿ. ನನಗೇನು ಅರ್ಜೆಂಟಿಲ್ಲ."

ಮಾನ್ಯರೇ, ಹತ್ತು ವರ್ಷದ ಹುಡುಗಿಗೆ ಅಪ್ಪ ಬೇಕು, ಅರ್ಜೆಂಟಾಗಿ ಬೇಕು. ಇಲ್ಲ ಎಂದು ಅವಳು ಸುಳ್ಳು ಹೇಳಿದಳು, ಮುಖ ನೋಡಿಕೊಂಡು, ದೊಡ್ಡವರು ಹೇಳುವ ಹಾಗೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಪ್ಪ, ಇನ್ನೊಂದರಲ್ಲಿ ತಾತ ಎಂದು ತೂಗಲು ತಾವು ಅವಳ ಕೈಗೆ ಕೊಟ್ಟಿರಿ, ಅವಳು ತೂಗಿದಳು, ತನ್ನ ಪಾಲನ್ನು ನನಗೆ ಬಿಟ್ಟುಕೊಟ್ಟಳು. ತಮ್ಮ ಆದೇಶದಲ್ಲಿ ಮಗು ಯಾರು ಎನ್ನುವುದು ಅದಲು ಬದಲಾಗಿದೆ ಎಂದು ನಾನು ಇಷ್ಟು ದಿನ ತಮಾಷೆ ಮಾಡುತ್ತಿದ್ದೆ. ಆ ಮೇಜಿನಲ್ಲಿ ಅದು ನಿಜವಾಯಿತು. ಅವಳು ಹಿರಿಯಳಾಗಿಬಿಟ್ಟಳು. ಇದನ್ನು ನಾನು ಕ್ಷಮಿಸುವುದಿಲ್ಲ.

ಆದ್ದರಿಂದ ಇನ್ನು ಅರ್ಜಿಯಿಲ್ಲ, ವಿನಂತಿಯಿಲ್ಲ. ಬರುವ ಭೇಟಿಯ ಭಾನುವಾರ ನಾನು ಆ ಕೊಠಡಿಗೆ ಬರುತ್ತೇನೆ, ಮೊಮ್ಮಗಳ ಕೈ ಹಿಡಿದುಕೊಂಡು. ಅವಳಮ್ಮ ಹೆದರಿಕೊಂಡೇ ಒಪ್ಪಿದ್ದಾಳೆ. ಅವಳೂ ಬರುತ್ತಾಳೆ. ಅಳಿಯ ಎಂದಿನಂತೆ ಒಳಗೆ ಕಾಯುತ್ತಿರುತ್ತಾನೆ. ಅವನು ಪತ್ರಿಕೆ ಓದುವವನಲ್ಲ, ಅವನಿಗೆ ಇದು ಗೊತ್ತಿಲ್ಲ; ಗೊತ್ತಾದರೆ ನಿಯಮ ಪುಸ್ತಕ ತೆಗೆದು ಕೂರುತ್ತಾನೆ ಎಂದು ನಾವು ಹೇಳಿಲ್ಲ. ತಾವು ಆ ದಿನ ಸಭೆ ಇಟ್ಟುಕೊಳ್ಳದೆ ಕೆಳಗಿಳಿದು ಬರಬೇಕು. ಆದೇಶದಿಂದ ನನ್ನನ್ನು ತೆಗೆದು ಅವಳನ್ನು ಬರೆಯಬೇಕು. ನನ್ನ ಹೆಸರಿನಲ್ಲಿ ಬಂದದ್ದೆಲ್ಲ ಅವಳಿಗೆ ಸೇರಬೇಕು. ಕಚೇರಿ ತಪ್ಪು ಒಪ್ಪಿಕೊಳ್ಳಬೇಕಾಗಿಲ್ಲ, ತಪ್ಪು ನನ್ನದೇ ಎಂದು ಬರೆದುಕೊಳ್ಳಿ. ನಕ್ಕವನು ನಾನೇ ತಾನೆ? ತಾವು ಬಾರದಿದ್ದರೂ ಪರವಾಗಿಲ್ಲ. ನಾನು ಬಾಗಿಲು ತೆರೆದು ಅವಳ ಕೈ ಬಿಡುತ್ತೇನೆ. ಆಮೇಲೆ ಅಪ್ಪನ ಹತ್ತಿರ ಓಡುವ ಮಗುವನ್ನು ನಡುವೆ ನಿಂತು ತಡೆಯಬೇಕಾದವರು ತಾವು. ಯಾವ ನಿಯಮದ ಪ್ರಕಾರ ತಡೆಯುವಿರಿ ಎಂದು ಈಗಲೇ ಹುಡುಕಿಟ್ಟುಕೊಳ್ಳಿ.

ಇಂತಿ,
ಇನ್ನಾದರೂ ಬರೀ ತಾತನಾಗಿ ಸಾಯಲು
ತಮ್ಮ ಅನುಮತಿ ಕಾಯದ
ಒಬ್ಬ ಮುದುಕ